ಕೂಳೆ ಉಳಿದರೆ ಚಿಗುರೀತು
ಪ್ರಶ್ನೋತ್ತರ: ಹಾವಿನ ವಿಷ ಮತ್ತು ಸ್ನಾಯು

ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಈ ಅಂಕಣಕ್ಕೆ ಹಾವಿನ ಪತ್ರಗಳೂ ಬರುತ್ತವೆ. ಈ ಸಲ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆಯಿಂದ ಬಂದಿವೆ. ಕಚ್ಚಿದ ಮೇಲೆ ಬದುಕಿದವರು ಕೇಳುವ ಪ್ರಶ್ನೆಗಳು ಅವುಗಳಲ್ಲಿ ಹೆಚ್ಚು. ಸತ್ತವರ ಲೆಕ್ಕ ಎಲ್ಲರೂ ಇಡುತ್ತಾರೆ, ಕಾಲು ಸೊರಗಿ ಉಳಿದವರ ಲೆಕ್ಕ ಇಡುವವರು ಕಡಿಮೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನೆಲ್ಲ ಆ ಪತ್ರಗಳಿಗೇ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದ ಕಬ್ಬಿನ ರವದಿ ಒಟ್ಟುವಾಗ ಎಡಗಾಲಿನ ಮೀನಖಂಡಕ್ಕ ಕೊಳಕುಮಂಡಲ ಕಚ್ಚಿತು. ಹತ್ತು ದಿನ ದವಾಖಾನಿಯೊಳಗಿದ್ದು ಜೀವ ಉಳೀತು. ಆದ್ರ ಕಾಲು ಸೊರಗೇತಿ, ಹಿಮ್ಮಡಿ ಪೂರಾ ನೆಲಕ್ಕ ಊರೂದಿಲ್ಲ. ನಮ್ಮ ಬೀಗರಿಗೆ ನಾಗರಹಾವು ಕಚ್ಚಿತ್ತು. ಅವರ ಕಾಲು ತಿಂಗಳೊಪ್ಪತ್ತಿನಾಗ ಮೊದಲಿನಂಗ ಆತು. ಇಲಿಗೆ ಹಾವಿನ ವಿಷ ಚುಚ್ಚಿ ಸ್ನಾಯು ಮತ್ತ ಬೆಳಸ್ತಾರಂತ ಮಗ ಫೋನಿನಾಗ ತೋರಿಸಿದ. ಹಂಗಿದ್ರ ನನ್ನ ಕಾಲಿಗೂ ಆ ಇಂಜೆಕ್ಷನ್ ಕೊಡಸಬಹುದೇನ್ರಿ?
(ಕಬ್ಬು ಬೆಳೆಗಾರ, ಬೈಲಹೊಂಗಲ ತಾಲೂಕು)

ಉತ್ತರ: ಕಡೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ್ರಿ, ಖಂಡಿತ ಬೇಡ. ಯಾವ ವಿಷವೂ ಸ್ನಾಯುವನ್ನು ಬೆಳೆಸುವುದಿಲ್ಲ. ಇಲಿಗೆ ವಿಷ ಚುಚ್ಚುವುದು ಸ್ನಾಯುವನ್ನು ಕೊಲ್ಲಲಿಕ್ಕೆ. ಮತ್ತೆ ಬೆಳೆಯುವುದು ಇಲಿಯ ಸ್ವಂತ ಶಕ್ತಿಯಿಂದ. ಅದು ಹೇಗೆ ಬೆಳೆಯುತ್ತದೆಂದು ನೋಡಬೇಕಾದವರ ಕೈಯಲ್ಲಿ ವಿಷ ಒಂದು ಕುಡುಗೋಲು, ಅಷ್ಟೇ.

ನೀವು ಕಬ್ಬಿನವರು, ಹಾಗಾಗಿ ಕಬ್ಬಿನಲ್ಲೇ ಹೇಳುತ್ತೇನೆ. ಕಬ್ಬನ್ನು ನೆಲಮಟ್ಟಕ್ಕೆ ಕಡಿದು ಕಾರ್ಖಾನೆಗೆ ಕಳಿಸಿದ ಮೇಲೂ ಹೊಲದಲ್ಲಿ ಕೂಳೆ ಇರುತ್ತದೆ. ನೀರು ಬಿಟ್ಟರೆ ಕೂಳೆಯ ಕಣ್ಣುಗಳು ಒಡೆದು ಮತ್ತೆ ಬೆಳೆ ನಿಲ್ಲುತ್ತದೆ. ಹೊಸ ಬಿತ್ತನೆ ಬೇಕಿಲ್ಲ. ಆದರೆ ಮೂರು ಸಂಗತಿ ಉಳಿದಿರಬೇಕು: ಕಣ್ಣು, ಬುಡ ಹಿಡಿದಿಟ್ಟ ಮಣ್ಣು, ನೀರಿನ ಕಾಲುವೆ. ನಮ್ಮ ಸ್ನಾಯುವಿನಲ್ಲಿಯೂ ಇದೇ ಮೂರು ಇವೆ. ಸ್ನಾಯುವಿನ ಒಂದೊಂದು ಎಳೆಗೂ ತೆಳುವಾದ ಒಂದು ಹೊರಚೀಲ ಇರುತ್ತದೆ. ಎಳೆಗೂ ಆ ಚೀಲಕ್ಕೂ ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಕೋಶ ಅಂಟಿಕೊಂಡು ನಿದ್ದೆ ಮಾಡುತ್ತಿರುತ್ತದೆ. ಅಮೆರಿಕದ ಅಲೆಕ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಇವು ಕಂಡವು. ಎಳೆಯ ಅಂಚಿಗೇ ಕಚ್ಚಿಕೊಂಡಿದ್ದುದರಿಂದ ಸ್ಯಾಟಲೈಟ್ ಕೋಶ ಎಂದು ಹೆಸರಿಟ್ಟ. ಇವೇ ಕೂಳೆಯ ಕಣ್ಣುಗಳು. ಎಳೆ ಸತ್ತಾಗ ಇವು ಎಚ್ಚೆತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದಕ್ಕೊಂದು ಬೆಸೆದು ಖಾಲಿಯಾದ ಅದೇ ಚೀಲದೊಳಗೆ ಹೊಸ ಎಳೆ ಕಟ್ಟುತ್ತವೆ. ಬುಡ ಹಿಡಿದಿಟ್ಟ ಮಣ್ಣು ಅಂದರೆ ಈ ಚೀಲ, ಅದು ಅಚ್ಚಿನ ಕೆಲಸ ಮಾಡುತ್ತದೆ. ನೀರಿನ ಕಾಲುವೆ ಅಂದರೆ ರಕ್ತನಾಳ. ಅದರ ಜೊತೆಗೆ ನರ.

ಪ್ರಯೋಗಶಾಲೆಯವರು ಆರಿಸಿಕೊಳ್ಳುವುದು ಕಬ್ಬನ್ನಷ್ಟೇ ಕಡಿದು ಕೂಳೆಯನ್ನು ಮುಟ್ಟದ ವಿಷವನ್ನು. ನಾಗರಹಾವುಗಳ ವಿಷದಿಂದ ಬೇರ್ಪಡಿಸಿದ ಕಾರ್ಡಿಯೋಟಾಕ್ಸಿನ್ ಎಂಬ ಪ್ರೋಟೀನು ಅಂಥದ್ದು. ಎಳೆಗಳನ್ನು ಕೊಲ್ಲುತ್ತದೆ, ಕಣ್ಣು, ಚೀಲ, ರಕ್ತನಾಳಗಳನ್ನು ಬಹುಮಟ್ಟಿಗೆ ಬಿಡುತ್ತದೆ. ಇಲಿಯ ಕಾಲು ಮೂರು ನಾಲ್ಕು ವಾರದಲ್ಲಿ ತುಂಬಿಕೊಳ್ಳುತ್ತದೆ. ನಿಮ್ಮ ಮಗ ನೋಡಿದ್ದು ಬಹುಶಃ ಇದನ್ನೇ.

ಮಂಡಲ ಜಾತಿಯ ಹಾವುಗಳ ವಿಷ ಈ ಕರುಣೆ ತೋರಿಸುವುದಿಲ್ಲ. ಅದರಲ್ಲಿ ಎಳೆಯನ್ನು ಕೊಲ್ಲುವ ಪ್ರೋಟೀನುಗಳ ಜೊತೆಗೆ ರಕ್ತನಾಳದ ಗೋಡೆಯನ್ನೂ ಹೊರಚೀಲವನ್ನೂ ಕತ್ತರಿಸುವ ಕಿಣ್ವಗಳಿವೆ. ಮೆಟಲೋಪ್ರೋಟಿಯೇಸ್ ಎನ್ನುತ್ತಾರೆ. ಮಧ್ಯ ಅಮೆರಿಕದ ಕೋಸ್ಟರೀಕ ಎಂಬ ಪುಟ್ಟ ದೇಶದಲ್ಲಿ ಹಾವಿನ ವಿಷಕ್ಕೆಂದೇ ಒಂದು ಸಂಸ್ಥೆಯಿದೆ, ಕ್ಲೊಡೊಮಿರೊ ಪಿಕಾಡೊ ಸಂಸ್ಥೆ. ಅಲ್ಲಿ ಹೊಸೆ ಮರಿಯಾ ಗುಟಿಯೆರೆಸ್ ಮತ್ತು ಸಂಗಡಿಗರು ದಶಕಗಳ ಕಾಲ ಅಲ್ಲಿನ ಮಂಡಲದ ವಿಷವನ್ನು ಇಲಿಗಳಲ್ಲಿ ನೋಡಿ ತೋರಿಸಿದ್ದು ಇದನ್ನೇ: ಬರೀ ಎಳೆ ಕೊಲ್ಲುವ ಪ್ರೋಟೀನನ್ನು ಬೇರ್ಪಡಿಸಿ ಕೊಟ್ಟರೆ ಸ್ನಾಯು ಚೆನ್ನಾಗಿ ಮರಳುತ್ತದೆ, ಇಡೀ ವಿಷ ಕೊಟ್ಟರೆ ಅಥವಾ ರಕ್ತನಾಳ ಒಡೆಯುವ ಕಿಣ್ವ ಕೊಟ್ಟರೆ ಮರಳುವುದು ಅರೆಬರೆ. ಕಾಲುವೆ ಒಡೆದು ಹೋದ ಹೊಲದಲ್ಲಿ ಕೂಳೆ ಚಿಗುರುವುದೆಲ್ಲಿಂದ? ಆ ಜಾಗವನ್ನು ಗಾಯದ ನಾರು ಮತ್ತು ಕೊಬ್ಬು ತುಂಬುತ್ತವೆ. ನಾರು ಬಿಗಿಯುತ್ತದೆ, ಹಿಮ್ಮಡಿ ಮೇಲೇಳುತ್ತದೆ. ನಿಮ್ಮ ಕಾಲಿನಲ್ಲಿ ಆಗಿರುವುದೂ ಹೆಚ್ಚುಕಡಿಮೆ ಇದೇ ಇರಬೇಕು.

ಹಾಗೆಂದು ನಾಗರದ್ದು ಸಲೀಸು ಅಂದುಕೊಳ್ಳಬೇಡಿ. ನಮ್ಮ ನಾಗರಹಾವಿನ ಇಡೀ ವಿಷ ಕಚ್ಚಿದ ಜಾಗದ ಚರ್ಮ, ಮಾಂಸ ಎರಡನ್ನೂ ಕೊಳೆಸಬಲ್ಲದು, ಉಸಿರನ್ನೂ ನಿಲ್ಲಿಸಬಲ್ಲದು. ಎಷ್ಟು ವಿಷ ಇಳಿಯಿತು, ಎಷ್ಟು ಬೇಗ ಪ್ರತಿವಿಷ ಸಿಕ್ಕಿತು, ಹಗ್ಗ ಬಿಗಿದಿದ್ದರೋ ಇಲ್ಲವೋ, ಇವೆಲ್ಲ ಸೇರಿ ನಿಮ್ಮ ಬೀಗರ ಪುಣ್ಯ.

ಈಗ ಏನು ಮಾಡಬಹುದು? ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಎಲುಬು ಮತ್ತು ಫಿಜಿಯೋಥೆರಪಿ ವಿಭಾಗದಲ್ಲಿ ತೋರಿಸಿ. ನರಕ್ಕೆ ಪೆಟ್ಟಾಗಿದೆಯೋ ಅಥವಾ ಬರೀ ನಾರು ಬಿಗಿದಿದೆಯೋ ಮೊದಲು ಗೊತ್ತಾಗಬೇಕು. ಬಿಗಿದ ನಾರನ್ನು ಎಳೆದು ಸಡಿಲಿಸುವ ವ್ಯಾಯಾಮ, ಬೇಕಾದರೆ ಪಟ್ಟಿ, ತೀರಾ ಬೇಕಾದರೆ ಶಸ್ತ್ರಚಿಕಿತ್ಸೆ ಇದೆ. ಕಳೆದುಹೋದ ಎಳೆ ಬಾರದು, ಉಳಿದ ಎಳೆಗಳನ್ನು ದುಡಿಸಿ ದಪ್ಪ ಮಾಡಬಹುದು. ಎರಡು ವರ್ಷವಾದರೂ ಅದಕ್ಕೆ ತಡವಾಗಿಲ್ಲ. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಕೊಳಕುಮಂಡಲ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಕೆಲವರಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸೊರಗಿ, ತಿಂಗಳು ವರ್ಷ ಕಳೆದ ಮೇಲೆ ಸುಸ್ತು, ಚಳಿ ತಡೆಯದಿರುವುದು, ಗಡ್ಡ ಮೀಸೆ ಉದುರುವುದು ಶುರುವಾಗುತ್ತದೆ. ಕ್ರಿಯಾಟಿನಿನ್ ಮತ್ತು ಬಿ.ಪಿ. ನೋಡಿಸಿಕೊಳ್ಳಿ, ಇಂಥ ಸುಸ್ತು ಇದ್ದರೆ ಹಾವು ಕಚ್ಚಿದ್ದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕೇಳದೆ ಅವರಿಗೆ ಹೊಳೆಯುವ ಸಂಗತಿ ಇದಲ್ಲ.

ಪ್ರಶ್ನೆ: ಸ್ನಾಯು ಪುನರುತ್ಪತ್ತಿ ಅಭ್ಯಾಸಕ್ಕೆ ಹಾವಿನ ವಿಷವೇ ಏಕೆ ಬೇಕು? ಬ್ಲೇಡಿನಿಂದ ಕತ್ತರಿಸಿ ನೋಡಿದರೆ ಸಾಲದೇ? ಯಾವ ಯಾವ ವಿಷ ಬಳಸುತ್ತಾರೆ?
(ಬಿ.ಎಸ್‌ಸಿ. ವಿದ್ಯಾರ್ಥಿನಿ, ಕಿತ್ತೂರು)

ಉತ್ತರ: ಒಳ್ಳೆಯ ಪ್ರಶ್ನೆ, ತಂಗಿ. ಬ್ಲೇಡು ಹಾಕಿದರೆ ಎಳೆ, ಚೀಲ, ನರ, ನಾಳ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಅದೂ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ. ಹತ್ತು ಇಲಿಗಳಲ್ಲಿ ಹತ್ತು ತೆರನಾದ ಗಾಯವಾದರೆ ಹೋಲಿಕೆ ಮಾಡುವುದು ಹೇಗೆ? ಗೊತ್ತಾದ ಅಳತೆಯ ವಿಷ ಪ್ರತಿ ಸಲವೂ ಬಹುತೇಕ ಒಂದೇ ಗಾಯ ಮಾಡುತ್ತದೆ. ಸಾಮಾನ್ಯವಾಗಿ ಅರಿವಳಿಕೆ ಕೊಟ್ಟ ಸಣ್ಣ ಇಲಿಯ ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯುವಿಗೆ 50 ಮೈಕ್ರೋಲೀಟರಿನಷ್ಟು, ಅಂದರೆ ಒಂದು ಹನಿ, ಚುಚ್ಚುತ್ತಾರೆ.

ಆಮೇಲೆ ನಡೆಯುವುದು ಗಡಿಯಾರ ಇಟ್ಟಂತೆ. ಕೆಲವೇ ಗಂಟೆಗಳಲ್ಲಿ ಎಳೆಯ ಪೊರೆ ಹರಿದು ಕ್ಯಾಲ್ಸಿಯಂ ಒಳನುಗ್ಗಿ, ಎಳೆ ಗಂಟುಗಂಟಾಗಿ ಮುದುಡಿ ಸಾಯುತ್ತದೆ. ಮೊದಲ ಒಂದೆರಡು ದಿನ ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಈ ಕಸ ಗುಡಿಸುವವರಿಲ್ಲದಿದ್ದರೆ ಮುಂದಿನ ಕೆಲಸವೇ ನಡೆಯುವುದಿಲ್ಲ. ಉರಿಯೂತ ಎಂದರೆ ಬರೀ ಕೆಟ್ಟದ್ದು ಎಂಬ ನಮ್ಮ ತಿಳಿವಳಿಕೆ ಇಲ್ಲಿ ಸುಳ್ಳಾಗುತ್ತದೆ. ಮೂರನೆಯ ದಿನದ ಹೊತ್ತಿಗೆ ಸ್ಯಾಟಲೈಟ್ ಕೋಶಗಳ ಸಂತೆ ನೆರೆದಿರುತ್ತದೆ. ಐದನೆಯ ದಿನದಿಂದ ವಾರದೊಳಗೆ ಎಳಸಾದ ಹೊಸ ಎಳೆಗಳು ಕಾಣುತ್ತವೆ. ಮೂರು ನಾಲ್ಕು ವಾರಕ್ಕೆ ತೂಕ, ಬಲ ಎರಡೂ ಹತ್ತಿರ ಹತ್ತಿರ ಮೊದಲಿನ ಮಟ್ಟ. ಒಂದು ಗುರುತು ಮಾತ್ರ ಉಳಿದುಬಿಡುತ್ತದೆ. ಹಳೆಯ ಎಳೆಯಲ್ಲಿ ಕೋಶಕೇಂದ್ರಗಳು ಅಂಚಿನಲ್ಲಿರುತ್ತವೆ, ಹೊಸ ಎಳೆಯಲ್ಲಿ ನಡುವೆ ಸಾಲಾಗಿ ಕೂತಿರುತ್ತವೆ, ಹೆಸರುಕಾಯಿಯೊಳಗಿನ ಕಾಳುಗಳ ಹಾಗೆ. ಇಲಿಗಳಲ್ಲಿ ಈ ಗುರುತು ಬಹುಕಾಲ ಅಳಿಯದು. ನಾನು ಮೊದಲ ಸಲ ಆ ಸ್ಲೈಡು ನೋಡಿದಾಗ ನಮ್ಮ ಮೇಷ್ಟ್ರು ಏನನ್ನೂ ವಿವರಿಸಿರಲಿಲ್ಲ. ಬಣ್ಣ ಹಾಕಿದವರು ತಪ್ಪು ಮಾಡಿದ್ದಾರೆಂದು ವಾದಿಸಿ ಬೈಸಿಕೊಂಡಿದ್ದೆ.

ವಿಷಗಳ ವಿಚಾರ. ಕಾರ್ಡಿಯೋಟಾಕ್ಸಿನ್ ಸುಮಾರು 60 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಮೂರು ಬೆರಳು ಚಾಚಿದ ಆಕಾರ. ಹೃದಯದ ಹೆಸರು ಬಂದದ್ದು ಅದು ಮೊದಲು ಹೃದಯ ನಿಲ್ಲಿಸುವ ವಿಷವಾಗಿ ಕಣ್ಣಿಗೆ ಬಿದ್ದುದರಿಂದ. ಹಾಗೆ ಬೇರ್ಪಡಿಸಿದವರು ಭಾರತೀಯರೇ: ಎನ್.ಕೆ. ಸರ್ಕಾರ್ 1947ರಲ್ಲಿ ನಾಗರ ವಿಷದಿಂದ ಬೇರ್ಪಡಿಸಿದ್ದನ್ನು ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಇಂದು ಜಗತ್ತಿನ ಸ್ನಾಯು ಪ್ರಯೋಗಶಾಲೆಗಳು ಕೊಳ್ಳುವುದು ಹೆಚ್ಚಾಗಿ ಆಫ್ರಿಕದ ನಾಗರಹಾವುಗಳದ್ದು.

ನೋಟೆಕ್ಸಿನ್ ಆಸ್ಟ್ರೇಲಿಯದ ಟೈಗರ್ ಸ್ನೇಕ್ ಎಂಬ ಹಾವಿನದು. ಜೀವಕೋಶದ ಕೊಬ್ಬಿನ ಪೊರೆಯನ್ನು ಕೊರೆಯುವ ಫಾಸ್ಫೋಲೈಪೇಸ್ ಎ2 ಕಿಣ್ವ. 1970ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹ್ಯಾರಿಸ್ ಮತ್ತು ಜೊತೆಗಾರರು ಅದು ಸ್ನಾಯುವನ್ನು ಹೇಗೆ ಕೊಲ್ಲುತ್ತದೆಂದು ವಿವರವಾಗಿ ನೋಡಿದರು. ಇದು ನರದ ತುದಿಯನ್ನೂ ಕೆಡಿಸುತ್ತದೆ, ಹಾಗಾಗಿ ನರ ಮತ್ತು ಸ್ನಾಯು ಮತ್ತೆ ಕೈ ಹಿಡಿಯುವುದನ್ನು ನೋಡಬೇಕಾದವರಿಗೆ ಇದು ಬೇಕು. ಬೇರಿಯಂ ಕ್ಲೋರೈಡ್ ಯಾವ ಜೀವಿಯ ವಿಷವೂ ಅಲ್ಲ, ಅಗ್ಗದ ಲವಣ; ಹಾವಿನ ವಿಷ ಕೊಳ್ಳಲು ದುಡ್ಡಿಲ್ಲದವರ ಆಸರೆ. ಇನ್ನು ದ್ರವ ಸಾರಜನಕದಲ್ಲಿ ತಣಿಸಿದ ಲೋಹವನ್ನು ಸ್ನಾಯುವಿಗೆ ಒತ್ತಿ ಗಾಯ ಮಾಡುವ ವಿಧಾನವೂ ಇದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು 2016ರಲ್ಲಿ ಈ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೆಪ್ಪುಗಟ್ಟಿಸಿದ ಜಾಗದಲ್ಲಿ ಕಣ್ಣುಗಳೂ ಸತ್ತಿರುತ್ತವೆ, ಪಕ್ಕದ ಜೀವಂತ ಸ್ನಾಯುವಿನಿಂದ ಕೋಶಗಳು ನಡೆದುಬರಬೇಕು, ಹೀಗಾಗಿ ತಡ. ನಾಲ್ಕೂ ಗಾಯವೇ, ಆದರೆ ನಾಲ್ಕರ ಕಥೆ ಬೇರೆ. ಪ್ರಬಂಧ ಓದುವಾಗ 'ಗಾಯ ಮಾಡಿದೆವು' ಎಂದಷ್ಟೇ ಇದ್ದರೆ ಬಿಡಬೇಡಿ, ಯಾವುದರಿಂದ ಮಾಡಿದರು, ಅದು ಏನನ್ನು ಉಳಿಸಿತು ಎಂದು ಹುಡುಕಿ.

ಸ್ಯಾಟಲೈಟ್ ಕೋಶಗಳೇ ಕಣ್ಣುಗಳು ಎಂದು ಮೇಲಿನ ಉತ್ತರದಲ್ಲಿ ಖಚಿತವಾಗಿ ಬರೆದೆನಲ್ಲ, ಅದನ್ನು ಖಚಿತಪಡಿಸಿದ್ದೂ ಒಂದು ವಿಷ. ಅದು ಗಂಟಲುಮಾರಿ, ಅಂದರೆ ಡಿಫ್ತೀರಿಯಾ ರೋಗಾಣುವಿನ ವಿಷ. ಇಲಿಯ ಕೋಶಗಳಿಗೆ ಅದು ನಾಟುವುದಿಲ್ಲ, ಮನುಷ್ಯನ ಕೋಶಗಳಿಗೆ ನಾಟುತ್ತದೆ. ಮನುಷ್ಯನಲ್ಲಿ ಆ ವಿಷವನ್ನು ಒಳಬಿಟ್ಟುಕೊಳ್ಳುವ ಬಾಗಿಲನ್ನು ಇಲಿಯ ಸ್ಯಾಟಲೈಟ್ ಕೋಶಗಳಿಗೆ ಮಾತ್ರ ಜೋಡಿಸಿದರು. ಆಮೇಲೆ ವಿಷ ಕೊಟ್ಟರೆ ಆ ಕೋಶಗಳಷ್ಟೇ ಸಾಯುತ್ತವೆ. ಅದರ ಜೊತೆಗೆ ಸ್ನಾಯುವಿಷದಿಂದ ಗಾಯ ಮಾಡಿದಾಗ ಸ್ನಾಯು ಮರಳಲೇ ಇಲ್ಲ, ಕೊಬ್ಬು ತುಂಬಿತು. ಸ್ಯಾಟಲೈಟ್ ಕೋಶಗಳನ್ನು ಹೊರಗಿನಿಂದ ಕಸಿ ಮಾಡಿದರೆ ಮರಳಿತು. 2011ರಲ್ಲಿ ಪಾಶ್ಚರ್ ಸಂಸ್ಥೆಯ ಶಹ್ರಗಿಮ್ ತಾಜ್‌ಬಕ್ಷ್ ಅವರ ಗುಂಪಿನಿಂದ ಬಂದ ಈ ಕೆಲಸದ ಮೊದಲ ಹೆಸರು ರಾಮ್‌ಕುಮಾರ್ ಸಾಂಬಶಿವನ್. ಅವರು ನಂತರ ಬೆಂಗಳೂರಿನ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಶೋಧನಾ ಸಂಸ್ಥೆಗೆ ಬಂದರು. ಒಂದು ವಿಷ ಕಬ್ಬು ಕಡಿಯಿತು, ಇನ್ನೊಂದು ಕಣ್ಣು ಕಿತ್ತಿತು. ಎರಡನ್ನೂ ಒಟ್ಟಿಗೆ ಬಳಸಿದ್ದಕ್ಕೇ ಉತ್ತರ ಸಿಕ್ಕಿದ್ದು.

ಪ್ರಶ್ನೆ: ಹೊಲದ ಮನಿಯಾಗ ಚಾಪೆ ಮ್ಯಾಲ ಮಲಗಿದ್ದ ಮಗಳಿಗೆ ರಾತ್ರಿ ಕಟ್ಟುಹಾವು ಕಚ್ಚಿತ್ತು. ಬಾವಿಲ್ಲ, ರಕ್ತ ಇಲ್ಲ, ಕಚ್ಚಿದ ಗುರುತೂ ಸರಿಯಾಗಿ ಇರಲಿಲ್ಲ. ನಸುಕಿನಾಗ ಹೊಟ್ಟಿನೋವು ಅಂದ್ಲು, ಆಮ್ಯಾಲ ಕಣ್ಣರೆಪ್ಪಿ ಎತ್ತಲಾರದಂಗಾದ್ಲು. ಐದು ದಿನ ವೆಂಟಿಲೇಟರ್ ಮ್ಯಾಲ ಇದ್ಲು. ಈಗ ಸಾಲಿಗೆ ಹೊಂಟಾಳ, ಓಡ್ತಾಳ. ಇಷ್ಟು ದೊಡ್ಡ ವಿಷ ಮೈಯೆಲ್ಲ ಹರಡಿದ್ರೂ ಆಕಿ ಕೈಕಾಲು ಸೊರಗಲಿಲ್ಲ ಯಾಕ? ಮುಂದ ಏನಾರ ಆದೀತೇನ್ರಿ?
(ತಾಯಿ, ಸವದತ್ತಿ ತಾಲೂಕು)

ಉತ್ತರ: ತಾಯಿ, ಮೊದಲು ಸಮಾಧಾನದ ಮಾತು. ಓಡುತ್ತಿದ್ದಾಳೆ ಅಂದಮೇಲೆ ದೊಡ್ಡ ಗಂಡಾಂತರ ಕಳೆದಿದೆ. ಕಟ್ಟುಹಾವಿನ ವಿಷದ ಮುಖ್ಯ ಏಟು ನರದ ತುದಿಗೆ. ನರ ಸ್ನಾಯುವಿಗೆ ಮುಟ್ಟುವ ಆ ಒಂದು ಬಿಂದುವನ್ನು ಅದು ಕೆಡಿಸುತ್ತದೆ. ಸ್ನಾಯುವಿನ ಎಳೆಗಳು ಜೀವಂತವಾಗಿಯೇ ಇರುತ್ತವೆ, ಅವುಗಳಿಗೆ ಅಪ್ಪಣೆ ಬರುವುದಿಲ್ಲ. ರೆಪ್ಪೆ ಏಳುವುದಿಲ್ಲ, ಕೊನೆಗೆ ಉಸಿರೆಳೆಯುವ ಸ್ನಾಯುವೂ ನಿಲ್ಲುತ್ತದೆ. ಒಮ್ಮೆ ಕೆಟ್ಟ ನರದ ತುದಿಯನ್ನು ಪ್ರತಿವಿಷವೂ ಸರಿಮಾಡಲಾರದು, ಹೊಸ ತುದಿ ಬೆಳೆಯುವವರೆಗೆ ಯಂತ್ರದ ಉಸಿರಿನಲ್ಲಿ ಕಾಯಬೇಕು. ನಿಮ್ಮ ಮಗಳು ಆ ಐದು ದಿನ ಕಾದದ್ದು ಇದಕ್ಕೇ. ಹಾಸಿಗೆ ಹಿಡಿದುದರಿಂದ ತುಸು ಸೊರಗಿದ್ದರೂ ಅದು ಆಟ ಊಟದಿಂದ ತುಂಬಿಕೊಳ್ಳುವಂಥದ್ದು.

ಈ ಜಾತಿಯ ಹಾವಿನಿಂದ ವಿಜ್ಞಾನಕ್ಕೂ ಒಂದು ದೊಡ್ಡ ಉಪಕಾರವಾಗಿದೆ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ಇಬ್ಬರು ಅಲ್ಲಿನ ಪಟ್ಟೆ ಕಟ್ಟುಹಾವಿನಿಂದ ಆಲ್ಫಾ-ಬಂಗಾರೊಟಾಕ್ಸಿನ್ ಬೇರ್ಪಡಿಸಿದರು. ನರದ ಅಪ್ಪಣೆಯನ್ನು ಸ್ನಾಯು ಕೇಳಿಸಿಕೊಳ್ಳುವ ಕಿವಿಯನ್ನು ಅದು ಬಿಗಿಯಾಗಿ ಮುಚ್ಚಿ ಬಿಡಿಸಿಕೊಳ್ಳದೆ ಕೂರುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಜೋಡಿಸಿದರೆ ನರ ಎಲ್ಲೆಲ್ಲಿ ಸ್ನಾಯುವನ್ನು ಮುಟ್ಟುತ್ತದೆಂದು ಸೂಕ್ಷ್ಮದರ್ಶಕದಲ್ಲಿ ದೀಪದಂತೆ ಕಾಣುತ್ತದೆ. ಗಾಯವಾದ ಸ್ನಾಯುವಿಗೆ ನರ ಮರಳಿತೋ ಇಲ್ಲವೋ ಎಂದು ನೋಡುವವರು ಇಂದಿಗೂ ಈ ದೀಪವನ್ನೇ ಹಚ್ಚುತ್ತಾರೆ.

ಮಕ್ಕಳನ್ನು ಮಂಚದ ಮೇಲೆ ಮಲಗಿಸಿ. ಮಂಚ ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ. ಕಟ್ಟುಹಾವು ರಾತ್ರಿ ಮಲಗಿದವರ ಬಳಿಗೇ ಬರುವ ಹಾವು. ಪರದೆ ಅದಕ್ಕೂ ಅಡ್ಡ.

ಪ್ರಶ್ನೆ: ನಾನು ಗರಡಿಗೆ ಹೋಗುವವನು. ನಾಗರ ವಿಷದ ಅಂಶ ಇರುವ ಪುಡಿ, ಎಣ್ಣೆ ಸ್ನಾಯು ಬೆಳೆಸುತ್ತದೆಂದು ಒಬ್ಬರು ಮಾರುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
(ಪೈಲ್ವಾನ, ರಾಮದುರ್ಗ)

ಉತ್ತರ: ಮಾರುವವನ ಸ್ನಾಯು ಹೇಗಿದೆ ನೋಡಿದಿರಾ? ಬೇಡ. ಅದರಲ್ಲಿ ವಿಷ ಇದ್ದರೆ ಅಪಾಯ, ಇಲ್ಲದಿದ್ದರೆ ಮೋಸ. ಹಾವು ಹಿಡಿದು ವಿಷ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಪರಾಧ ಕೂಡ. ಬೈಠಕ್ ಹೊಡೆದ ಮರುದಿನ ತೊಡೆ ನೋಯುತ್ತದಲ್ಲ, ಅಲ್ಲಿ ಎಳೆಗಳಲ್ಲಿ ಸಣ್ಣ ಸಣ್ಣ ಹರುಕುಗಳಾಗಿ ದೇಹ ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ. ಅದಕ್ಕೆ ಬೇಕಾದದ್ದು ನಿದ್ದೆ, ಜೋಳದ ರೊಟ್ಟಿ, ಮಡಕಿಕಾಳು, ಶೇಂಗಾ, ಹಾಲು, ಮೊಟ್ಟೆ. ಒಂದು ಎಚ್ಚರ: ಬಹಳ ದಿನ ಬಿಟ್ಟು ಒಮ್ಮೆಲೇ ಸಾವಿರ ಬೈಠಕ್ ಹೊಡೆದು ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸತ್ತ ಎಳೆಗಳಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ.

ಪ್ರಶ್ನೆ: ಇದೆಲ್ಲ ಪ್ಯಾರಿಸ್, ತೈವಾನಿನ ಮಾತಾಯಿತು. ನಮ್ಮ ಕರ್ನಾಟಕದಲ್ಲಿ ಈ ಕೆಲಸ ನಡೆದಿದೆಯೇ? ಹಾಗೆಯೇ, ಪಾಪದ ಇಲಿಗಳಿಗೆ ಹೀಗೆ ಮಾಡುವುದು ಸರಿಯೇ?
(ನಿವೃತ್ತ ಶಿಕ್ಷಕರು, ಸವದತ್ತಿ)

ಉತ್ತರ: ನಡೆದಿದೆ ಗುರುಗಳೇ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಟಿ. ವೀರಬಸಪ್ಪ ಗೌಡರು ಮತ್ತು ಅವರ ಶಿಷ್ಯರು ನಾಗರಹಾವು, ಕೊಳಕುಮಂಡಲಗಳ ವಿಷವನ್ನು ಒಂದೊಂದಾಗಿ ಬಿಡಿಸಿ ನೋಡಿದರು. 1989ರಲ್ಲಿ ಎಂ.ಕೆ. ಭಟ್ ಜೊತೆ ಗೌಡರು ನಮ್ಮ ನಾಗರಹಾವಿನ ವಿಷದಿಂದ ಸ್ನಾಯು ಕೊಲ್ಲುವ ಫಾಸ್ಫೋಲೈಪೇಸನ್ನು ಬೇರ್ಪಡಿಸಿ 'ಟಾಕ್ಸಿಕಾನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಕೊಳಕುಮಂಡಲದ ಮುಖ್ಯ ಫಾಸ್ಫೋಲೈಪೇಸಿನ ವಿವರವನ್ನೂ ಎಸ್. ಕಸ್ತೂರಿ ಅವರೊಡನೆ ಕೊಟ್ಟರು. ಈ ವಿಭಾಗದಲ್ಲಿ ಕೆ. ಕೆಂಪರಾಜು, ಕೆ.ಎಸ್. ಗಿರೀಶ್ ಮುಂತಾದವರು ವಿಷ ಹರಡಲು ದಾರಿ ಮಾಡಿಕೊಡುವ ಕಿಣ್ವಗಳ ಮೇಲೆ ಕೆಲಸ ಮುಂದುವರಿಸಿದರು. ಊರ ಹೊಲದ ಹಾವನ್ನು ಊರವರೇ ಓದಿದ ಕೆಲಸ ಇದು. ಕನ್ನಡದಲ್ಲಿ ಇದರ ಬಗ್ಗೆ ಬರೆದವರು ಕಡಿಮೆ ಎಂಬುದು ನನ್ನ ತಕರಾರು.

ಬೆಂಗಳೂರಿನಲ್ಲಿ ಎರಡು ದಾರಿಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಗುಂಪು ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಹೇಗೆ ಬೇರೆಯಾಗುತ್ತದೆ, ಈಗಿನ ಪ್ರತಿವಿಷ ಎಲ್ಲಿ ಸೋಲುತ್ತದೆ ಎಂದು ನೋಡುತ್ತದೆ. ಇನ್ನೊಂದು ದಾರಿ ಸ್ನಾಯುವಿನ ಕಡೆಯದು. ಸ್ಯಾಟಲೈಟ್ ಕೋಶಗಳ ನಿದ್ದೆಯ ಬಗ್ಗೆ ಜ್ಯೋತ್ಸ್ನಾ ಧವನ್ ಇನ್‌ಸ್ಟೆಮ್‌ನಲ್ಲೂ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲೂ ಬಹಳ ವರ್ಷ ಕೆಲಸ ಮಾಡಿದ್ದಾರೆ. 2017ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದ ಕೆ. ವಿಜಯರಾಘವನ್ ಅವರ ಗುಂಪು ಹಣ್ಣಿನ ನೊಣದ ಸ್ನಾಯುವಿನಲ್ಲೂ ಸ್ಯಾಟಲೈಟ್ ಕೋಶಗಳಿವೆ ಎಂದು ತೋರಿಸಿತು. ಅಲ್ಲಿಯವರೆಗೆ ನೊಣಕ್ಕೆ ಇವು ಇಲ್ಲ ಎಂದೇ ನಂಬಿಕೆಯಿತ್ತು. ಬಾಳೆಹಣ್ಣಿನ ಮೇಲೆ ಕೂರುವ ಆ ನೊಣವೇ.

ನಿಮ್ಮ ಎರಡನೆಯ ಪ್ರಶ್ನೆಗೆ ನೊಣದಲ್ಲೇ ಅರ್ಧ ಉತ್ತರವಿದೆ. ನೊಣದಲ್ಲಿ, ಗಾಜಿನ ತಟ್ಟೆಯ ಕೋಶಗಳಲ್ಲಿ ನೋಡಬಹುದಾದದ್ದನ್ನು ಇಲಿಯಲ್ಲಿ ನೋಡಬಾರದು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಪ್ರತಿ ಸಂಸ್ಥೆಯಲ್ಲೂ ಸಮಿತಿಯಿದೆ. ಎಷ್ಟು ಇಲಿ, ಏಕೆ, ಅರಿವಳಿಕೆ ಯಾವುದು ಎಂದು ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ಆದರೂ ಇಲಿಗೆ ಯಾತನೆ ಇಲ್ಲವೆಂದು ನಾನು ಹೇಳಲಾರೆ. ಇದೆ. ಕಾಲು ಕಳೆದುಕೊಂಡ ರೈತರನ್ನು ನೋಡಿದ ಮೇಲೆ ನಾನು ಈ ಕೆಲಸ ಬೇಕು ಎನ್ನುವವರ ಕಡೆ ನಿಂತಿದ್ದೇನೆ, ಮನಸ್ಸಿನಲ್ಲಿ ಕಸಿವಿಸಿ ಇಟ್ಟುಕೊಂಡೇ.

ಪ್ರಶ್ನೆ: ಎ.ಎಸ್.ವಿ. ಹಾಕಿದರೂ ಕೆಲವರ ಕಾಲು ಕೊಳೆಯುವುದೇಕೆ? ಹೊಸ ಔಷಧಿ ಬರುತ್ತಿದೆಯೇ? ಊರಿನಲ್ಲಿ ನಾವು ಏನು ಮಾಡಬೇಕು?
(ಆಶಾ ಕಾರ್ಯಕರ್ತೆ, ರಾಮದುರ್ಗ ತಾಲೂಕು)

ಉತ್ತರ: ಅಕ್ಕಾ, ಎ.ಎಸ್.ವಿ. ಎಂಬ ಈ ಪ್ರತಿವಿಷ ಕುದುರೆಯ ರಕ್ತದಿಂದ ತೆಗೆದ ದೊಡ್ಡ ದೊಡ್ಡ ಅಣು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆಂದು ಮಾಡಿದ್ದು. ರಕ್ತದಲ್ಲಿ ಹರಿಯುವ ವಿಷವನ್ನು ಅದು ಹಿಡಿಯುತ್ತದೆ, ಜೀವ ಉಳಿಸುತ್ತದೆ. ಕಚ್ಚಿದ ಜಾಗದ ಮಾಂಸದೊಳಗೆ ಅದು ಇಳಿಯುವುದು ನಿಧಾನ, ಅಲ್ಲಿ ವಿಷದ ಕೆಲಸವೋ ನಿಮಿಷಗಳಲ್ಲೇ ಶುರು. ಅದು ತಲುಪುವ ಹೊತ್ತಿಗೆ ಚೀಲ, ನಾಳ ಎರಡೂ ಹೋಗಿರಬಹುದು. ಸತ್ತ ಮಾಂಸವನ್ನು ಯಾವ ಪ್ರತಿವಿಷವೂ ಎಬ್ಬಿಸುವುದಿಲ್ಲ.

ಅದಕ್ಕಾಗಿ ಮಾಂಸದೊಳಗೆ ಬೇಗ ಇಳಿಯುವ ಸಣ್ಣ ಅಣುವಿನ ಔಷಧಿಗಳನ್ನು ಹುಡುಕುತ್ತಿದ್ದಾರೆ. ಫಾಸ್ಫೋಲೈಪೇಸನ್ನು ತಡೆಯುವ ವರೆಸ್ಪ್ಲಾಡಿಬ್ ಎಂಬ ಗುಳಿಗೆಯನ್ನು ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಒಟ್ಟಾರೆ ಎಣಿಸಿದಷ್ಟು ಫಲ ಸಿಗಲಿಲ್ಲ, ಬೇಗ ನುಂಗಿದವರಲ್ಲಿ ಮಾತ್ರ ಒಂದಿಷ್ಟು ಆಸೆ ಕಂಡಿತು. ಆಫ್ರಿಕದ ಉಗುಳುವ ನಾಗರಗಳ ವಿಷ ಮಾಂಸ ಕೊಳೆಸುವುದನ್ನು ರಕ್ತ ತೆಳುಮಾಡುವ ಹೆಪಾರಿನ್ ಬಗೆಯ ಔಷಧಿ ಇಲಿಗಳಲ್ಲಿ ತಡೆಯಿತೆಂದು 2024ರಲ್ಲಿ ಸಿಡ್ನಿ ಮತ್ತು ಲಿವರ್‌ಪೂಲಿನವರು ತೋರಿಸಿದರು. ನೀವು ಇದನ್ನು ಊರಿನಲ್ಲಿ ಯಾರಿಗೂ ಹೇಳಿ ಚುಚ್ಚಿಸಬೇಡಿ. ಮಂಡಲ ಕಚ್ಚಿದವರ ರಕ್ತ ಮೊದಲೇ ಹೆಪ್ಪುಗಟ್ಟುತ್ತಿರುವುದಿಲ್ಲ, ಅದರ ಮೇಲೆ ಇದನ್ನು ಕೊಟ್ಟರೆ ಜೀವಕ್ಕೇ ಕುತ್ತು. ಇವು ಯಾವುವೂ ನಮ್ಮ ತಾಲೂಕು ಆಸ್ಪತ್ರೆಗೆ ಇನ್ನೂ ಬಂದಿಲ್ಲ. ಇವತ್ತಿಗೆ ಇರುವುದು ಎ.ಎಸ್.ವಿ. ಮತ್ತು ಹೊತ್ತು.

ಹೊತ್ತನ್ನು ಹಾಳು ಮಾಡುವುದು ನಮ್ಮದೇ ಕೈ. ಹಗ್ಗ ಬಿಗಿದರೆ ಕಾಲಿಗೆ ರಕ್ತ ನಿಂತು, ಹಾವು ಬಿಟ್ಟ ಮಾಂಸವನ್ನೂ ನಾವೇ ಕೊಲ್ಲುತ್ತೇವೆ. ಕುಯ್ದರೆ, ಸುಟ್ಟರೆ ಕೂಳೆಯನ್ನೇ ಅಗೆದಂತೆ. ಮಂತ್ರ, ವಿಷಕಲ್ಲು, ನಾಟಿ ರಸ ಎಂದು ಎರಡು ಗಂಟೆ ಕಳೆದರೆ ಆ ಎರಡು ಗಂಟೆ ಮರಳಿ ಬಾರದು. ಮಾಡಬೇಕಾದದ್ದು ಬಹಳ ಸರಳ: ಕಾಲುಂಗುರ, ಬಳೆ, ಉಡಿದಾರ ತೆಗೆಯಿರಿ, ಮುರಿದ ಕಾಲಿಗೆ ಕಟ್ಟುವ ಹಾಗೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸಬೇಡಿ, 108ಕ್ಕೆ ಕರೆ ಮಾಡಿ. ಅದು ತಡವೆನಿಸಿದರೆ ಯಾರದಾದರೂ ಗಾಡಿಯಲ್ಲಿ, ಇಬ್ಬರ ನಡುವೆ ಕೂರಿಸಿಕೊಂಡು, ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ. ಹಾವನ್ನು ಹುಡುಕಿ ಹೊಡೆಯುತ್ತ ನಿಲ್ಲಬೇಡಿ. ಗಾಜಿನ ನಳಿಕೆಯಲ್ಲಿ ರಕ್ತ ಇಟ್ಟು 20 ನಿಮಿಷ ನೋಡಿದರೆ ಮಂಡಲದ ವಿಷ ಏರಿದೆಯೋ ಎಂದು ವೈದ್ಯರಿಗೆ ತಿಳಿಯುತ್ತದೆ.

ನಿಮ್ಮಲ್ಲಿ ಒಂದು ವಿನಂತಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಖಾಸಗಿ ಆಸ್ಪತ್ರೆಗೂ ಇದು ಅನ್ವಯ. ನಿಮ್ಮ ಊರಿನ ಪ್ರಕರಣ ದಾಖಲಾಯಿತೇ ಎಂದು ಕೇಳಿ. ರೋಗಿಯನ್ನು ಗಾಡಿ ಹತ್ತಿಸುವ ಮೊದಲು ಬಾವು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು, ಗೆರೆಯ ಪಕ್ಕದಲ್ಲಿ ಆಗಿನ ಗಂಟೆ ಬರೆಯಿರಿ. ಹಾವು ಕಚ್ಚಿದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು ಕಳಿಸಿ.